ದಡ ಸೇರಿದ ಹರಿಗೋಲು

"ಗುರುಗಳೇ, ಸ್ವಾತಂತ್ರ್ಯ ತಂದುಕೊಟ್ಟವರು ಮನುಷ್ಯರು. ಗುಂಡು ತಿಂದವರೂ ಮನುಷ್ಯರು, ಜೈಲಿನಲ್ಲಿ ಸತ್ತವರೂ ಮನುಷ್ಯರು. ಹಾಗಿದ್ದ ಮೇಲೆ ಈ ದಿನ ನಾವು ದೇವರಿಗೆ ಏಕೆ ಕೃತಜ್ಞತೆ ಹೇಳಬೇಕು?"

ಮಠದ ಶಿಷ್ಯ ಮಹಾಂತಯ್ಯ ಹೀಗೆ ಕೇಳಿದಾಗ ಅಂಗಳದಲ್ಲಿ ಬಾವುಟ ಏರಿಸಿ ಆಗಿತ್ತು. ನಾಡು ಬಿಡುಗಡೆಯಾದ ದಿನವೆಂದು ವಿಶೇಷ ಪೂಜೆಯೂ ಮುಗಿದಿತ್ತು. ಎಲ್ಲರೂ ಮಂಗಳಾರತಿಗೆ ಕೈಯೊಡ್ಡಿದ್ದರು. ಮಹಾಂತಯ್ಯ ಮಾತ್ರ ಕಂಬಕ್ಕೆ ಒರಗಿ ನಿಂತೇ ಇದ್ದ. ಅವನ ಅಜ್ಜ ಚಳವಳಿಯಲ್ಲಿ ಲಾಠಿ ಏಟು ತಿಂದು, ಸಾಯುವವರೆಗೂ ಕುಂಟುತ್ತಲೇ ನಡೆದವರು. ಅದು ಗುರುಗಳಿಗೆ ಗೊತ್ತಿತ್ತು.

ಗುರುಗಳು ಸಿಟ್ಟಾಗಲಿಲ್ಲ. "ಕುಳಿತುಕೋ" ಎಂದು ಹೇಳಿ ಕತೆ ತೆಗೆದರು.

ಒಂದು ಹೊಳೆಯ ದಡದಲ್ಲಿ ಒಬ್ಬ ಅಂಬಿಗನಿದ್ದ. ಅವನಿಗೆ ಒಬ್ಬನೇ ಮಗ, ಹೆಸರು ಯಂಕೋಬ. ಬಿದಿರು ಹೆಣೆದು ಮೇಲೆ ತೊಗಲು ಬಿಗಿದ ಒಂದು ಹರಿಗೋಲೇ ಅವರ ಆಸ್ತಿ. ಸಂತೆಗೆ ಹೋಗುವವರನ್ನು, ಬೀಗರ ಊರಿಗೆ ಹೋಗುವವರನ್ನು, ಆಚೆ ದಡದ ಕಚೇರಿಗೆ ಅರ್ಜಿ ಹಿಡಿದು ಹೋಗುವವರನ್ನು ತಂದೆ ಮಗ ಇಬ್ಬರೂ ಸೇರಿ ದಾಟಿಸುತ್ತಿದ್ದರು.

ಆಗ ನಾಡು ಪರರ ಕೈಯಲ್ಲಿತ್ತು. ಆಚೆ ದಡದ ಕಚೇರಿಯ ಮೇಲೆ ನಮ್ಮ ಬಾವುಟ ಏರಿಸಬೇಕೆಂದು ಈಚೆ ದಡದ ಊರಿನ ಒಂಬತ್ತು ಜನ ನಿಶ್ಚಯಿಸಿದರು. ಅವರಲ್ಲಿ ಮೂವರು ಹೆಂಗಸರು. ಸುದ್ದಿ ಅಧಿಕಾರಿಯ ಕಿವಿಗೆ ಬಿತ್ತು. ಆ ದಿನ ಯಾರನ್ನೂ ದಾಟಿಸಕೂಡದೆಂದು ಅಂಬಿಗನಿಗೆ ಆಜ್ಞೆ ಬಂತು.

ಅಂಬಿಗ ಹೆದರಿದ. "ನಮಗೇಕಪ್ಪಾ ಇದೆಲ್ಲ? ಹುಟ್ಟು ಹಾಕಿ ಹೊಟ್ಟೆ ಹೊರೆಯುವವರು ನಾವು" ಎಂದ.

"ಅಪ್ಪಾ, ಇಷ್ಟು ವರ್ಷ ಬಂದವರನ್ನೆಲ್ಲ ದಾಟಿಸಿದ್ದೇವೆ. ಇವತ್ತು ಇವರನ್ನು ಒಲ್ಲೆ ಅಂದರೆ, ನಾಳೆ ಹುಟ್ಟು ಹಿಡಿಯಲು ನನಗೆ ನಾಚಿಕೆಯಾಗುತ್ತದೆ. ನೀನು ಮನೆಯಲ್ಲಿರು, ನಾನೊಬ್ಬನೇ ಹೋಗುತ್ತೇನೆ" ಎಂದ ಯಂಕೋಬ.

ಮಗನೊಬ್ಬನನ್ನೇ ಕಳುಹಿಸಲು ಅಂಬಿಗನಿಗೆ ಮನಸ್ಸು ಬರಲಿಲ್ಲ. ಬಯ್ಯುತ್ತಲೇ ತಾನೂ ಹರಿಗೋಲು ಹತ್ತಿದ.

ಬಾವುಟವೇನೋ ಏರಿತು. ಆದರೆ ಒಂಬತ್ತು ಜನ ಓಡಿ ಬಂದು ಹರಿಗೋಲಿನಲ್ಲಿ ಕೂರುವಷ್ಟರಲ್ಲಿ ಅಧಿಕಾರಿ ನಾಲ್ವರು ಪೇದೆಗಳನ್ನು ಕರೆದುಕೊಂಡು ದಡಕ್ಕೆ ಬಂದ. ಯಂಕೋಬ ಸೊಂಟದವರೆಗಿನ ನೀರಿನಲ್ಲಿ ನಿಂತು ಹರಿಗೋಲನ್ನು ಜೋರಾಗಿ ನೂಕಿದ. ತಾನೂ ಹತ್ತಬೇಕು, ಅಷ್ಟರಲ್ಲಿ ಒಂದು ಗುಂಡು ಹಾರಿತು. ಯಂಕೋಬ ಬೋರಲಾಗಿ ನೀರಿಗೆ ಬಿದ್ದ.

ಅಂಬಿಗ ನೀರಿಗೆ ಹಾರಲು ಹೋದ. ಹರಿಗೋಲಿನಲ್ಲಿದ್ದವರು ಅವನನ್ನು ಹಿಡಿದುಕೊಂಡರು. ಹುಟ್ಟು ಹಾಕುವವರಿಲ್ಲದೆ ಹರಿಗೋಲು ಗಿರಗಿರನೆ ತಿರುಗತೊಡಗಿತು. ಮುಂದಿನ ಗುಂಡು ತಮಗೇ ಎಂದು ಎಲ್ಲರೂ ತಲೆ ತಗ್ಗಿಸಿ ಕುಳಿತರು. ಆ ಗುಂಡು ಬರಲಿಲ್ಲ. ಏಕೆ ಬರಲಿಲ್ಲವೆಂದು ಯಾರಿಗೂ ತಿಳಿಯಲಿಲ್ಲ. ಹಿಂದಿರುಗಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ಅಂಬಿಗನೇ ಹುಟ್ಟು ಹಿಡಿದ. ಒಂಬತ್ತು ಜನರೂ ಮನೆ ಸೇರಿದರು.

ಐದು ವರ್ಷದ ಮೇಲೆ ನಾಡಿಗೆ ಬಿಡುಗಡೆಯಾಯಿತು. ಊರಿನವರು ಹೊಳೆಯ ದಡದಲ್ಲಿ ಕಲ್ಲು ನೆಟ್ಟು ಯಂಕೋಬನ ಹೆಸರು ಕೆತ್ತಿಸಿದರು. ಹನುಮಂತ ದೇವರ ಗುಡಿಯಲ್ಲಿ ಪೂಜೆ ಮಾಡಿಸಿದರು. ಅಂಬಿಗನನ್ನು ಮುಂದಿನ ಸಾಲಿನಲ್ಲೇ ಕೂರಿಸಿದರು. ಪೂಜಾರಿ ಆರತಿ ಎತ್ತಿ, "ಈ ಸ್ವಾತಂತ್ರ್ಯ ಸ್ವಾಮಿ ನಮಗೆ ಕರುಣಿಸಿದ್ದು" ಎಂದ.

ಅಂಬಿಗ ಎದ್ದು ನಿಂತ. "ಸ್ವಾಮಿ ಕರುಣಿಸಿದ್ದಲ್ಲ, ನನ್ನ ಮಗ ಕೊಟ್ಟದ್ದು" ಎಂದು ಹೇಳಿ ಹೊರಗೆ ನಡೆದುಬಿಟ್ಟ.

ಯಾರೂ ಅವನನ್ನು ತಡೆಯಲಿಲ್ಲ. ಅಂದಿನಿಂದ ಅಂಬಿಗ ಗುಡಿಯ ಕಡೆ ತಲೆ ಹಾಕಲಿಲ್ಲ. ಶನಿವಾರ ಹೆಂಡತಿಯೊಬ್ಬಳೇ ಹೋಗಿ ಬರುತ್ತಿದ್ದಳು. ಅವಳು ತಂದ ಪ್ರಸಾದ ಗೂಡಿನಲ್ಲೇ ಒಣಗುತ್ತಿತ್ತು.

ಹೀಗೆ ಮೂರು ವರ್ಷ ಕಳೆಯಿತು. ಒಂದು ಬೇಸಿಗೆಯ ಮಧ್ಯಾಹ್ನ ದೂರದ ಊರಿನ ಹೆಂಗಸೊಬ್ಬಳು ಹೊಳೆಯ ದಡಕ್ಕೆ ಬಂದಳು. ಹೆಚ್ಚುಕಡಿಮೆ ಅಂಬಿಗನಷ್ಟೇ ವಯಸ್ಸಾದವಳು. ಕಾಲೆಲ್ಲ ಧೂಳಾಗಿತ್ತು.

"ಅಣ್ಣಾ, ನನ್ನನ್ನು ನಡುಹೊಳೆಯವರೆಗೆ ಕರೆದುಕೊಂಡು ಹೋಗಿ ವಾಪಸು ಬಿಡುತ್ತೀಯಾ? ಆಚೆ ದಡ ಬೇಡ" ಎಂದಳು.

ಹೀಗೆ ಕೇಳಿದವರು ಯಾರೂ ಇರಲಿಲ್ಲ. ಆದರೂ ಅಂಬಿಗ ಅವಳನ್ನು ಕೂರಿಸಿಕೊಂಡು ಹೊರಟ. ನಡುಹೊಳೆ ತಲುಪಿದ ಮೇಲೆ ಅವಳು ಆಚೆ ದಡವನ್ನು ಬಹಳ ಹೊತ್ತು ನೋಡಿದಳು. "ನನ್ನ ಮಗ ಪೊಲೀಸ್ ಪೇದೆಯಾಗಿದ್ದ. ಎಂಟು ವರ್ಷದ ಹಿಂದೆ ಇಲ್ಲಿ ಗುಂಡು ಹಾರಿದ ದಿನ, ಅಗೋ ಆ ದಡದಲ್ಲಿ ನಿಂತಿದ್ದ" ಎಂದಳು.

ಅಂಬಿಗನ ಕೈ ನಿಂತಿತು. ಹರಿಗೋಲು ಒಂದು ಸುತ್ತು ತಿರುಗಿತು. ಅಲ್ಲಿ ನೀರು ಎಷ್ಟು ಆಳವೆಂದು ಅವನಿಗೆ ಗೊತ್ತಿತ್ತು. ಅವಳಿಗೆ ಈಜು ಬರುವುದಿಲ್ಲವೆಂಬುದು ಅವಳು ಕುಳಿತ ರೀತಿಯಲ್ಲೇ ತಿಳಿಯುತ್ತಿತ್ತು.

"ನನ್ನ ಮಗನನ್ನು ಕೊಂದವನು ಅವನೇನಾ?" ಎಂದ.

ಅವಳು ತಟ್ಟನೆ ತಿರುಗಿ ಅವನ ಮುಖ ನೋಡಿದಳು. ಯಾರ ಎದುರು ಕುಳಿತಿದ್ದೇನೆಂದು ಅವಳಿಗೆ ಆಗಲೇ ತಿಳಿದದ್ದು.

"ಅಲ್ಲ ಅಣ್ಣಾ. ಗುಂಡು ಹಾರಿಸಿದವನು ಅಧಿಕಾರಿ. ಆಮೇಲೆ ಹರಿಗೋಲು ಅವನ ಪಿಸ್ತೂಲಿಗೆ ಎಟುಕದಷ್ಟು ಸರಿದಾಗ, ಅದಕ್ಕೂ ಹೊಡೆಯಿರಿ ಎಂದು ನಾಲ್ವರು ಪೇದೆಗಳಿಗೂ ಹೇಳಿದನಂತೆ. ನನ್ನ ಮಗ ತನ್ನ ಬಂದೂಕನ್ನು ಹೊಳೆಗೆ ಎಸೆದುಬಿಟ್ಟ. ಮಿಕ್ಕ ಮೂವರ ಮುಂದೆ ಕೈ ಅಗಲಿಸಿ ನಿಂತ. ಒಂದೇ ಒಲೆಯ ಅನ್ನ ಉಂಡವರು, ಅವನ ಎದೆಗೆ ಹೊಡೆಯಲು ಅವರಿಗೆ ಕೈ ಬರಲಿಲ್ಲ. ಅಷ್ಟರಲ್ಲಿ ಹರಿಗೋಲು ದೂರ ಹೋಗಿತ್ತಂತೆ."

ಅವಳು ಮುಂದುವರಿಸಿದಳು.

"ಅವನನ್ನು ಕಟ್ಟಿಹಾಕಿ ಹೊಡೆದು ಜೈಲಿಗೆ ಹಾಕಿದರು. ಒಂದು ವರ್ಷವೂ ಬದುಕಲಿಲ್ಲ. ಸರ್ಕಾರದವರು ಅವನನ್ನು ದ್ರೋಹಿ ಎಂದರು. ಊರಿನವರು ಪೊಲೀಸಿನವನು ಎಂದು ಹೆಣ ಹೊರಲೂ ಬರಲಿಲ್ಲ. ನಾನು ನೋಡಲು ಹೋದಾಗಲೆಲ್ಲ ಅವನದು ಒಂದೇ ಮಾತು. ಅವ್ವಾ, ಆ ಹರಿಗೋಲು ದಡ ಸೇರಿತೇ, ಯಾರನ್ನಾದರೂ ಕೇಳು ಎನ್ನುತ್ತಿದ್ದ. ನಾನು ಯಾರನ್ನು ಕೇಳಲಿ? ನಮ್ಮೂರು ಇಲ್ಲಿಂದ ನಾಲ್ಕು ದಿನದ ದಾರಿ. ಅವನ ತಂದೆ ಹಾಸಿಗೆ ಹಿಡಿದಿದ್ದರು, ಬಿಟ್ಟು ಬರುವ ಹಾಗಿರಲಿಲ್ಲ. ಈ ವರ್ಷ ಅವರೂ ಹೋದರು. ಅದಕ್ಕೇ ಬಂದೆ. ನಿನಗೆ ಗೊತ್ತಿದ್ದರೆ ಹೇಳು ಅಣ್ಣಾ. ಹರಿಗೋಲು ದಡ ಸೇರಿತೇ?"

"ಸೇರಿತು ತಾಯಿ. ಒಂಬತ್ತು ಜನರೂ ಇದ್ದಾರೆ. ಹತ್ತನೆಯವನು ನಾನು" ಎಂದ ಅಂಬಿಗ.

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಂಬಿಗ ಹುಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತುಬಿಟ್ಟ. ಇಷ್ಟು ದಿನವೂ ಅವನು ಕೊಟ್ಟವನಾಗಿಯೇ ಬದುಕಿದ್ದ. ತಾನು ಇನ್ನೊಬ್ಬರಿಂದ ಪಡೆದು ಬದುಕಿರುವವನು ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಎಂಟು ವರ್ಷ ಅವನು ಉಂಡ ಅನ್ನ, ಎಳೆದ ಉಸಿರು, ಮಗನಿಗಾಗಿ ಪಟ್ಟ ದುಃಖ, ಎಲ್ಲವೂ ಯಾರೋ ಒಬ್ಬ ತಾಯಿಯ ಮಗ ಅಡ್ಡ ನಿಂತದ್ದರಿಂದ ಉಳಿದದ್ದು.

ಅವನು ಅವಳನ್ನು ಮನೆಗೆ ಕರೆದುಕೊಂಡು ಹೋದ. ಅಂಬಿಗನ ಹೆಂಡತಿ ಕತೆ ಕೇಳಿ, ಆ ತಾಯಿಯ ಕಾಲು ತೊಳೆದಳು. ಬಡಿಸುವಾಗ, "ನಿಮ್ಮ ಮಗನ ಹೆಸರೇನಕ್ಕಾ?" ಎಂದು ಕೇಳಿದಳು.

"ಫಕೀರಪ್ಪ" ಎಂದಳು ಅವಳು. ಆ ಹೆಸರನ್ನು ಅವಳನ್ನು ಯಾರಾದರೂ ಕೇಳಿ ಎಷ್ಟೋ ವರ್ಷವಾಗಿತ್ತು.

ಮರುದಿನ ಅಂಬಿಗ ಕಲ್ಲುಕುಟಿಗನನ್ನು ಕರೆದು, ಯಂಕೋಬನ ಹೆಸರಿನ ಪಕ್ಕದಲ್ಲಿ ಫಕೀರಪ್ಪನ ಹೆಸರು ಕೆತ್ತಲು ಹೇಳಿದ. ಊರಿನ ಕೆಲವರು ಅಡ್ಡ ಬಂದರು. ಪೊಲೀಸಿನವನ ಹೆಸರು ಇಲ್ಲೇಕೆ ಎಂದರು. ಅಂದು ಹರಿಗೋಲಿನಲ್ಲಿದ್ದವರಲ್ಲಿ ಒಬ್ಬಳು ತನ್ನ ಆರು ವರ್ಷದ ಮಗಳ ಕೈ ಹಿಡಿದು ಮುಂದೆ ಬಂದಳು. ಕಲ್ಲಿನ ಮುಂದೆ ಮಗಳಿಂದ ಹೂವು ಇಡಿಸಿದಳು. ಆಮೇಲೆ ಯಾರೂ ಬೇಡವೆನ್ನಲಿಲ್ಲ.

ಆ ತಾಯಿ ತನ್ನೂರಿಗೆ ಹೊರಟ ದಿನ ಅಂಬಿಗ ಅವಳನ್ನು ಊರ ಗಡಿಯವರೆಗೆ ಹೋಗಿ ಕಳುಹಿಸಿ, ನೆಟ್ಟಗೆ ಗುಡಿಗೆ ಹೋದ. ಹನುಮಂತನ ಮುಂದೆ ಕೈಮುಗಿದು ನಿಂತ. ಪೂಜಾರಿಗೆ ಸಂತೋಷವೂ ಆಯಿತು, ಆಶ್ಚರ್ಯವೂ ಆಯಿತು.

"ಕೋಪ ಹೋಯಿತೇನಪ್ಪಾ?" ಎಂದು ಮೆಲ್ಲಗೆ ಕೇಳಿದ.

"ಇಲ್ಲ ಪೂಜಾರಪ್ಪ, ಕೋಪ ಹಾಗೇ ಇದೆ. ಮಗನನ್ನು ಏಕೆ ಉಳಿಸಲಿಲ್ಲ ಎಂದು ಇವನನ್ನು ಇವತ್ತೂ ಕೇಳಿದೆ, ನಾಳೆಯೂ ಕೇಳುತ್ತೇನೆ. ಆದರೆ ಆ ತಾಯಿ ನಾಲ್ಕು ದಿನ ನಡೆದು ಬಾರದೇ ಇದ್ದಿದ್ದರೆ, ಫಕೀರಪ್ಪ ಎಂಬವನೊಬ್ಬ ಇದ್ದನೆಂದೇ ನನಗೆ ತಿಳಿಯುತ್ತಿರಲಿಲ್ಲ. ಇವಳೊಬ್ಬಳು ಬಂದಳು. ಬರಲಾಗದೇ ಹೋದ ತಾಯಂದಿರು ಎಷ್ಟು ಮಂದಿಯೋ" ಎಂದ ಅಂಬಿಗ.

ಗುರುಗಳು ಕತೆ ನಿಲ್ಲಿಸಿದರು. ಮಹಾಂತಯ್ಯ ಮತ್ತೆ ಕೇಳಿದ.

"ಗುರುಗಳೇ, ಫಕೀರಪ್ಪನ ಹೆಸರು ಗೊತ್ತಾಯಿತು, ಕಲ್ಲಿನ ಮೇಲೆ ಬರೆಸಿದರು. ಬರಲಾಗದೇ ಹೋದ ಆ ತಾಯಂದಿರ ಮಕ್ಕಳಿಗೆ ನಾವು ಕೃತಜ್ಞತೆಯನ್ನು ಹೇಗೆ ಹೇಳುವುದು?"

"ನಮಗೆ ಹೆಸರು ಗೊತ್ತಿಲ್ಲದವರಿಗೆ ಹೇಳಬೇಕಾದ ಮಾತನ್ನು, ಅವರೆಲ್ಲರ ಹೆಸರೂ ಗೊತ್ತಿರುವವನ ಮುಂದೆ ನಿಂತು ಹೇಳುತ್ತೇವೆ, ಅಷ್ಟೇ" ಎಂದರು ಗುರುಗಳು.

ಮಹಾಂತಯ್ಯ ಎದ್ದು ದೇವರ ಮುಂದೆ ಹೋಗಿ ಕೈಮುಗಿದ.