ಹೆಬ್ಬಾಗಿಲಿಲ್ಲದ ಕೋಟೆಯ ಬೈಚನಾಯಕ

ಬಹಳ ಹಿಂದೆ, ಬಿಳಿಗಲ್ಲು ಎಂಬ ನಮ್ಮ ಈ ಊರಿನಲ್ಲಿ ಬೈಚನೆಂಬ ದನಗಾಹಿ ಇದ್ದನಂತೆ. ಎಷ್ಟು ಹಿಂದೆ ಅಂತ ಮಾತ್ರ ಕೇಳಬೇಡಿ, ನಮ್ಮಜ್ಜಿಗೇ ಅದು ಅವರಜ್ಜಿ ಹೇಳಿದ್ದು. ಒಮ್ಮೆ ಕಳ್ಳರ ದಂಡು ಊರ ದನಗಳನ್ನು ಹೊಡೆದುಕೊಂಡು ಹೋಯಿತು. ಬೈಚ ಬೆನ್ನಟ್ಟಿ ಹೋಗಿ ಒಂದು ಕರುವನ್ನೂ ಬಿಡದೆ ತಂದನಂತೆ. ನಮ್ಮಜ್ಜಿ ಹೇಳುವಾಗ ಕಳ್ಳರು ಮೂವತ್ತು ಜನ ಇದ್ದರು. ನನ್ನ ಬಾಯಲ್ಲಿ ಮುನ್ನೂರಾಗಿದ್ದಾರೆ, ನಿಮ್ಮ ಬಾಯಲ್ಲಿ ಎಷ್ಟಾಗುತ್ತಾರೋ!

ಅಲ್ಲಿಂದ ಅವನ ಏಳಿಗೆ ಶುರುವಾಯಿತು. ಸುತ್ತಲ ಊರುಗಳು ನಮ್ಮನ್ನೂ ಕಾಯಪ್ಪ ಅಂತ ಬಂದವು. ದೂರದ ಅರಸ ಪಲ್ಲಕ್ಕಿ ಕಳಿಸಿ ನಾಯಕನೆಂದು ಕರೆದ. ನಾಯಕನಾದ ಮೇಲೆ ಕೋಟೆ ಬೇಡವೇ? ಪಕ್ಕದ ಸೀಮೆಯ ಪಾಳೆಗಾರನಿಗೆ ಬೇರೆ ಇವನನ್ನು ಕಂಡರೆ ಹೊಟ್ಟೆಯುರಿ. ಗುಡ್ಡದ ಮೇಲೆ ಗೋಡೆ ಎದ್ದಿತು. ಹೆಬ್ಬಾಗಿಲಿಗೆ ಮಾತ್ರ ಒಳ್ಳೆಯ ಕಲ್ಲು ಸಿಗಲಿಲ್ಲ. ಬೇಸಿಗೆಯಲ್ಲಿ ಊರ ಕೆರೆ ಒಣಗಿತ್ತು, ಏರಿಯ ಒಳಮೈಗೆ ಹೊದಿಸಿದ್ದ ಚಪ್ಪಡಿಗಳು ಅವನ ಕಣ್ಣಿಗೆ ಬಿದ್ದವು.

ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುತ್ತಿದ್ದವಳು ಸಣ್ಣೀರವ್ವ ಎಂಬ ಮುದುಕಿ. ಅವಳು ಅಡ್ಡ ನಿಂತು, "ಏರಿ ಕಲ್ಲು ಕೀಳಬ್ಯಾಡಪ್ಪ ನಾಯಕ, ನೀರು ಬಂದ್ರೆ ಬರೀ ಮಣ್ಣು ನಿಲ್ಲಲ್ಲ" ಅಂದಳಂತೆ. ನಾಯಕ ನಕ್ಕುಬಿಟ್ಟ, ಚಪ್ಪಡಿ ಕೀಳಿಸಿ ಹೆಬ್ಬಾಗಿಲು ಕಟ್ಟಿಸಿಯೇಬಿಟ್ಟ. ಮಳೆಗಾಲದೊಳಗೆ ಬೇರೆ ಕಲ್ಲು ಹಾಕಿಸುತ್ತೇನೆ ಅಂದ, ಮರೆತ. ದೊಡ್ಡವರಾದವರು ಮರೆಯುವುದೇ ಇಂಥದ್ದನ್ನು.

ಆ ವರ್ಷ ಮಳೆ ಒಂದು ವಾರ ಬಿಡಲಿಲ್ಲವಂತೆ. ಕೆರೆ ತುಂಬಿತು, ಏರಿಯ ಮಣ್ಣು ಜಾರತೊಡಗಿತು. ಏರಿಯ ಕೆಳಗೆ ಮೂರು ಊರು. ಸುದ್ದಿ ಕೇಳಿದ ನಾಯಕ ಓಡಿಬಂದು ಸಣ್ಣೀರವ್ವನ ಕಾಲು ಮುಟ್ಟಿ, "ತಪ್ಪಾತು ಕಣವ್ವ" ಅಂದನಂತೆ. ಸೈನಿಕರು ಬೇಡ ಬೇಡವೆಂದರೂ ಕೇಳದೆ ತಾನೇ ಹಾರೆ ಹಿಡಿದು ಹೆಬ್ಬಾಗಿಲು ಕೆಡವಿದ. ಮೂರು ಊರಿನವರೂ ಹೆಗಲು ಕೊಟ್ಟರು. ಸಂಜೆಯ ಹೊತ್ತಿಗೆ ಕಲ್ಲೆಲ್ಲ ಏರಿಗೆ ಬಂತು. ಏರಿ ನಿಂತಿತು.

ಕೋಟೆಗೆ ಬಾಗಿಲಿಲ್ಲವೆಂದು ತಿಳಿದು ಪಾಳೆಗಾರ ದಂಡು ತಂದನಂತೆ. ಬಂದು ನೋಡಿದರೆ ಬಾಗಿಲಿದ್ದ ಜಾಗದಲ್ಲಿ ಜನ! ಗುದ್ದಲಿ, ಕುಡುಗೋಲು, ಒನಕೆ ಹಿಡಿದು ಮೂರು ಊರೂ ಒತ್ತಾಗಿ ನಿಂತಿದ್ದವು. ಮುಂದಿನ ಸಾಲಿನಲ್ಲಿ ಸಣ್ಣೀರವ್ವ. ಪಾಳೆಗಾರ ಬಂದ ದಾರಿ ಹಿಡಿದ. ಆಮೇಲೆ ನಾಯಕ ಬದುಕಿರುವತನಕ ಬಾಗಿಲು ಕಟ್ಟಿಸಲೇ ಇಲ್ಲವಂತೆ.

ನಾವು ಉಣ್ಣುವ ಅನ್ನ ಇವತ್ತಿಗೂ ಆ ಕೆರೆಯದೇ. ಅದಕ್ಕೇ ಈ ಊರಲ್ಲಿ ಯಾರು ಮನೆ ಕಟ್ಟಿದರೂ ಮೊದಲ ಕಲ್ಲು ಪಾಯಕ್ಕೆ ಹೋಗುವುದಿಲ್ಲ. ಮನೆಯ ಯಜಮಾನ ಅದನ್ನು ತಲೆಯ ಮೇಲೆ ಹೊತ್ತು ಏರಿಗೆ ಒಯ್ದು ಇಟ್ಟು, "ತಗಳಪ್ಪ ನಾಯಕ, ನಿನ್ನ ಬಾಗಿಲಿಗೆ" ಅನ್ನುತ್ತಾನೆ. ನಾನೂ ಹೊತ್ತಿದ್ದೇನೆ. ಭಾರವಾಗಿತ್ತು, ಆದರೂ ಇಳಿಸಲು ಮನಸ್ಸು ಬರಲಿಲ್ಲ.