ಗಿಲ್ಬರ್ಟ್ ಇಲ್ಲದ ಗೆಲುವು

“ಗುರುಗಳೇ, ದಣಿದಿದ್ದೇನೆ. ಫಲವನ್ನೇ ಕಾಣದ ದುಡಿಮೆಗೆ ಏನರ್ಥ?” ಎಂದು ಚನ್ನವೀರ ಕೇಳಿದ. ಅವನು ಬಹಳ ವರ್ಷಗಳಿಂದ ಮಠದ ಪಾಠಶಾಲೆಯಲ್ಲಿ ಕಲಿಸುತ್ತಿದ್ದ.

ಗುರುಗಳು ಒಂದು ಕತೆ ಹೇಳಿದರು.

ಎರಡನೆಯ ಮಹಾಯುದ್ಧ ಮುಗಿದ ನಂತರದ ಕಾಲ. ಸ್ಕಾಟ್ಲೆಂಡಿನಲ್ಲಿ ಗಿಲ್ಬರ್ಟ್ ಎಂಬ ಕುರಿ ಸಾಕುವ ರೈತನಿದ್ದ. ದೇಶದ ತಂಡದಲ್ಲಿ ರಗ್ಬಿ ಆಡುತ್ತಿದ್ದ. ಆ ಆಟದಲ್ಲಿ ಚೆಂಡು ಹಿಡಿದು ಓಡುವವರು ಕೆಲವರು. ಅವರಿಗೆ ಚೆಂಡು ಸಿಗಲೆಂದು ತಲೆ ತಗ್ಗಿಸಿ, ಹೆಗಲಿಗೆ ಹೆಗಲು ಕೊಟ್ಟು ಎದುರಾಳಿಗಳನ್ನು ನೂಕುವವರು ಉಳಿದವರು. ಗಿಲ್ಬರ್ಟ್ ನೂಕುವವನು.

ಅವನು ಸೇರಿದ ಮೇಲೆ ತಂಡ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. ಸೋತು ರೈಲಿನಲ್ಲಿ ಊರಿಗೆ ಬರುತ್ತಿದ್ದ. ಬೆಳಗಾದರೆ ನೂಕಾಟದಲ್ಲಿ ಉಜ್ಜಿ ಊದಿದ ಕಿವಿಯ ಮೇಲೆ ಟೋಪಿ ಎಳೆದುಕೊಂಡು ಕುರಿಗಳ ಬಳಿಗೆ ಹೋಗುತ್ತಿದ್ದ. ಊರವರು ಮೊದಲು ಸಮಾಧಾನ ಹೇಳಿದರು, ಆಮೇಲೆ ಗೇಲಿ ಮಾಡಿದರು, ಕೊನೆಗೆ ಆಟದ ಮಾತೆತ್ತುವುದನ್ನೇ ಬಿಟ್ಟರು. ಅವನಿಗೆ ಹೆಚ್ಚು ನೋವಾದದ್ದು ಅದರಿಂದ.

ಒಂದು ಚಳಿಗಾಲ ಡಂಕನ್ ಎಂಬ ಬಡಗಿ ತಾಲೀಮಿಗೆ ಬರತೊಡಗಿದ. ಗಟ್ಟಿ ಆಳು. ಆದರೆ ಹೆಗಲು ಕೊಡುವ ಬಗೆ ಅರಿಯದೆ ಕತ್ತಿನ ಮೇಲೆ ಭಾರ ಹೊರುತ್ತಿದ್ದ. ಹಾಗೆ ನೂಕಿ, ಕತ್ತು ಮುರಿದು ಹಾಸಿಗೆ ಹಿಡಿದವರನ್ನು ಗಿಲ್ಬರ್ಟ್ ಕಂಡಿದ್ದ. ಇವನು ತನ್ನ ಜಾಗಕ್ಕೇ ಬರುವವನೆಂದು ತಿಳಿದೂ ದಿನವೂ ಜೊತೆಗೆ ನಿಂತು ಕಲಿಸಿದ. ಇದ್ದ ಜಾಗವನ್ನೂ ಏಕೆ ಬಿಟ್ಟುಕೊಡುವುದೆಂದು ಹೆಂಡತಿ ಇಸೊಬೆಲ್ ಕೇಳಿದಳು.

“ನೋಡಿಯೂ ಸುಮ್ಮನಿರಲು ನನಗಾಗದು,” ಎಂದ.

ಮುಂದಿನ ಪಂದ್ಯಕ್ಕೆ ಡಂಕನ್ ಆಯ್ಕೆಯಾದ. ಗಿಲ್ಬರ್ಟ್‌ನನ್ನು ಕೈಬಿಟ್ಟರು. ತಂಡ ಅಂದೇ ಗೆದ್ದಿತು. ಗಿಲ್ಬರ್ಟ್ ಅದನ್ನು ಅಡುಗೆಮನೆಯ ರೇಡಿಯೋದಲ್ಲಿ ಕೇಳಿದ. ಸಂತೋಷವಾಯಿತೇ ಎಂದು ಇಸೊಬೆಲ್ ವಿಚಾರಿಸಿದಳು.

“ಆಯಿತು,” ಎಂದ. “ಆದರೆ ಕುರ್ಚಿಯಿಂದ ಏಳಲು ಆಗುತ್ತಿಲ್ಲ.”

ಇವನು ಹೋದ, ಗೆಲುವು ಬಂತು ಎಂದು ಊರವರು ಆಡಿಕೊಂಡರು. ಡಂಕನ್ ಹಲವು ವರ್ಷ ಆಡಿ ಹೆಸರು ಮಾಡಿದ. ದೇಶದ ತಂಡ ಗಿಲ್ಬರ್ಟ್‌ನನ್ನು ಮತ್ತೆ ಕರೆಯಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಹಾಗಾದರೆ ಅಷ್ಟು ವರ್ಷ ನೂಕಿದ್ದಕ್ಕೆ ಉಳಿದದ್ದೇನು ಎಂದು ಚನ್ನವೀರ ಕೇಳಿದ.

ಗುರುಗಳು ಹೇಳಿದರು: “ಡಂಕನ್ ಮುದುಕನಾದ ಮೇಲೂ, ಮೊಮ್ಮಕ್ಕಳು ಹಿಂದಿನಿಂದ ಕರೆದರೆ ಕತ್ತು ತಿರುಗಿಸಿ ನೋಡುತ್ತಿದ್ದ.”