ಎಣ್ಣೆಬಾವಿ ಎಂಬ ಕೂಸು

ಮರಳಕೋಟೆ ಎಂಬ ರಾಜ್ಯದಲ್ಲಿ ಒಂದು ಸೋಮವಾರ ಅರಸರ ಎಡಗಾಲಿನ ಕಿರುಬೆರಳಿಗೆ ಕಪ್ಪು ಮೆತ್ತಿಕೊಂಡಿತು. ನಗಬೇಡಿ ಮಕ್ಕಳೇ, ವಿಷಯ ಗಂಭೀರವಾದದ್ದು. ಅರಸರು ಕಡಲದಂಡೆಯಲ್ಲಿ ಅಡ್ಡಾಡಿ ಬಂದಿದ್ದರು. ಸೀಗೆಪುಡಿಯಲ್ಲಿ ತಿಕ್ಕಿದರು, ಹೋಗಲಿಲ್ಲ. ಹುಣಸೆಹಣ್ಣಿನಲ್ಲಿ ತಿಕ್ಕಿದರು, ಹೋಗಲಿಲ್ಲ. ರಾಜವೈದ್ಯರು ತೆಂಗಿನ ನಾರಿನಲ್ಲಿ ತಿಕ್ಕಿದರು. ಚರ್ಮ ಹೋಯಿತು, ಕಪ್ಪು ಉಳಿಯಿತು.

ಆಗ ಸಾಹುಕಾರ ನಂಜಯ್ಯ ಓಡೋಡಿ ಬಂದ.

"ಮಹಾಪ್ರಭು, ಇದು ಕೊಳೆಯಲ್ಲ, ಐಶ್ವರ್ಯ! ಕಡಲ ತಳದಲ್ಲಿ ಎಣ್ಣೆ ಇದೆ, ಉರಿಯುವ ಅನಿಲ ಇದೆ. ನಾನೊಂದು ಸಣ್ಣ ತೂತು ಕೊರೆದು ನೋಡಿದೆ, ಅಷ್ಟೆ. ಅಪ್ಪಣೆಯಾದರೆ ನೀರಿನ ಮೇಲೆ ಅಟ್ಟಣೆ ಕಟ್ಟಿ ದೊಡ್ಡ ಬಾವಿಯನ್ನೇ ತೋಡುತ್ತೇನೆ."

ಆ ಸಣ್ಣ ತೂತು ಇದ್ದದ್ದು ಬಂಗುಡೆ ಕೊಲ್ಲಿಯಲ್ಲಿ. ಮೀನುಗಾರ್ತಿ ಪದ್ದಕ್ಕನ ಕೇರಿಯ ನಲವತ್ತು ದೋಣಿಗಳು ಬಲೆ ಬಿಡುತ್ತಿದ್ದದ್ದೂ ಅಲ್ಲೇ. ತೂತು ಬಿದ್ದಂದಿನಿಂದ ಎಣ್ಣೆ ಮೆತ್ತಿದ ಮೀನು ಒಲೆಯ ಮೇಲಿನ ಕಾವಲಿಗೆ ಬೀಳುವ ಮೊದಲೇ ಹೊತ್ತಿಕೊಳ್ಳುತ್ತಿತ್ತು. ದೊಡ್ಡ ಬಾವಿ ಬಂದರೆ ಕೇರಿಗೆ ಅನ್ನವಿಲ್ಲ.

ರಾಜಸಭೆ ಸೇರಿತು. ಪೋಷಣೆ ಪಕ್ಷದವರು ನಂಜಯ್ಯನಿಗೆ ನೆರವು ಕೊಡಬೇಕೆಂದರು. ಲಗಾಮು ಪಕ್ಷದವರು ನಿಯಮ ಹಾಕಬೇಕೆಂದರು. ಮೊದಲ ದಿನ ಎಣ್ಣೆ ನೆಲದ್ದೋ ನೀರಿನದ್ದೋ ಎಂದು ಚರ್ಚೆಯಾಯಿತು. ಎರಡನೆಯ ದಿನ ಮೀನು ಪ್ರಜೆಯೋ ಅಲ್ಲವೋ ಎಂದು ಚರ್ಚೆಯಾಯಿತು. ಮೂರನೆಯ ದಿನ ಪಾಯಸಕ್ಕೆ ಬೆಲ್ಲ ಸಾಲದೆಂಬ ವಿಷಯದಲ್ಲಿ ಎರಡೂ ಪಕ್ಷಗಳು ಒಮ್ಮತಕ್ಕೆ ಬಂದವು.

ನಂಜಯ್ಯ ನೇರವಾಗಿ ಅರಸರ ಕಾಲಿಗೆ ಬಿದ್ದ. "ಪ್ರಭು, ನನ್ನ ಬಾವಿ ಇನ್ನೂ ಹಸುಗೂಸು. ಅಟ್ಟಣೆಗೆ ತೇಗದ ಮರ ಕೊಡಿ." ಅರಸರು ಕೊಟ್ಟರು. ಮತ್ತೆ ಬಂದ. "ಕೂಸು ಅಳುತ್ತಿದೆ ಪ್ರಭು. ಮರ ಎಳೆಯಲು ಆನೆ ಕೊಡಿ." ಕೊಟ್ಟರು. ಮತ್ತೂ ಬಂದ. "ಕೂಸಿಗೆ ಸುಂಕ ಉಂಟೇ ಪ್ರಭು?"

ಅರಸರ ಕಣ್ಣು ತುಂಬಿತು. ತಾಮ್ರದ ಹಲಗೆಯ ಮೇಲೆ ಕೆತ್ತಿಸಿದರು: 'ನಂಜಯ್ಯನ ಬಾವಿ ಈ ರಾಜ್ಯದ ಕೂಸು. ಕೂಸಿಗೆ ಸಲ್ಲುವುದೆಲ್ಲ ಇದಕ್ಕೂ ಸಲ್ಲತಕ್ಕದ್ದು.'

"ಮತ್ತೆ ನಿಯಮ?" ಎಂದರು ಮುದುಕ ಮಂತ್ರಿಗಳು.

"ಹಸುಗೂಸಿಗೆ ಯಾರಾದರೂ ಮೂಗುದಾರ ಹಾಕುತ್ತಾರೆಯೇ ಮಂತ್ರಿಗಳೇ?" ಎಂದ ನಂಜಯ್ಯ. ಸಭೆ ಚಪ್ಪಾಳೆ ತಟ್ಟಿತು.

ಚಪ್ಪಾಳೆ ನಿಲ್ಲುವಷ್ಟರಲ್ಲಿ ಪದ್ದಕ್ಕ ಮೀನಿನ ಬುಟ್ಟಿಯೊಂದಿಗೆ ಒಳಗೆ ಬಂದಳು. ಪೋಷಣೆ ಪಕ್ಷದವರು ಮೂಗು ಮುಚ್ಚಿಕೊಂಡರು.

"ಒಡೆಯಾ, ಕೂಸು ಹುಟ್ಟಿದೆಯಂತೆ, ನೋಡೋಣ ಅಂತ ಬಂದೆ. ನಮ್ಮ ಕಡಲದಂಡೆಯಲ್ಲಿ ಕೂಸಿಗೆ ಮೂರು ಕಟ್ಟಳೆ ಉಂಟಲ್ಲ? ಗುಡಿಸಲ ಕೂಸಿಗೂ ಅದೇ, ಅರಮನೆ ಕೂಸಿಗೂ ಅದೇ."

"ಹೌದು ಹೌದು. ನನ್ನನ್ನೂ ಹಾಗೇ ಬೆಳೆಸಿದರು," ಎಂದರು ಅರಸರು.

"ಒಂದನೇದು, ನೀರಿಗಿಳಿಯುವ ಕೂಸಿನ ಸೊಂಟಕ್ಕೆ ಹಗ್ಗ. ತುದಿ ದಂಡೆಯಲ್ಲಿ ನಿಂತ ಹೆಂಗಸಿನ ಕೈಯಲ್ಲಿ. ಎಳೆದಾಗ ಬರಬೇಕು."

"ಆಗಲಿ ಬಿಡಮ್ಮ," ಎಂದು ನಂಜಯ್ಯ ನಕ್ಕ.

"ಎರಡನೇದು, ಕೂಸು ಹೇಸಿಗೆ ಮಾಡಿದರೆ ಹೆತ್ತವರೇ ಬಳಿಯಬೇಕು. ಬಳಿದ ಮೇಲೆಯೇ ಊಟ."

ನಂಜಯ್ಯನ ನಗು ಸಣ್ಣದಾಯಿತು.

"ಮೂರನೇದು, ಕೊಲ್ಲಿಯನ್ನು ಈಜಿ ದಾಟುವ ತನಕ ಮೊಣಕಾಲುದ್ದ ನೀರಿನಿಂದ ಆಚೆ ಬಿಡಬಾರದು."

"ಸತ್ಯ," ಎಂದರು ಅರಸರು. "ನನಗೆ ಈಜು ಬರಲೇ ಇಲ್ಲ. ನಾನಿನ್ನೂ ಮೊಣಕಾಲುದ್ದದಲ್ಲೇ ಇದ್ದೇನೆ."

ನಂಜಯ್ಯ ಎಗರಿಬಿದ್ದ. "ಮೊಣಕಾಲುದ್ದದಲ್ಲಿ ಎಣ್ಣೆ ಎಲ್ಲಿಂದ ಬರಬೇಕು? ಇದು ಕೂಸಲ್ಲ ಪ್ರಭು, ಗಟ್ಟಿಮುಟ್ಟಾದ ಆಳು!"

"ಹಾಗಾದರೆ ಆಳಿಗೆ ಅರಮನೆ ತೊಟ್ಟಿಲು ಯಾಕೆ ಸಾಹುಕಾರ್ರೇ? ಮರ ವಾಪಸು ಕೊಡಿ, ಆನೆ ವಾಪಸು ಕೊಡಿ, ಸುಂಕ ಕಟ್ಟಿ," ಎಂದಳು ಪದ್ದಕ್ಕ.

"ಅಯ್ಯೋ, ಕೂಸು ಕೂಸು!"

"ಹಗ್ಗ ತರಲಾ?"

"ಬೇಡ, ಆಳು!"

"ಬೇಡುವಾಗ ಕೂಸು, ಹಗ್ಗ ಕಂಡರೆ ಗೂಳಿ. ಯಾವುದಾದರೂ ಒಂದಾಗಿ ಮಾರಾಯ್ರೇ, ನನ್ನ ಮೀನು ಹಳಸ್ತಾ ಇದೆ."

ಎರಡೂ ಪಕ್ಷದವರು ನಂಜಯ್ಯನ ಮುಖ ನೋಡಿದರು. ನಂಜಯ್ಯ ಕಿಟಕಿಯಾಚೆ ನಿಂತ ಆನೆಗಳನ್ನು ನೋಡಿದ. ಪುಕ್ಕಟೆ ಬಂದದ್ದನ್ನು ಬಿಡಲು ಮನಸ್ಸು ಒಪ್ಪಲಿಲ್ಲ. "ಕೂಸೇ," ಎಂದ, ಕೂಸಿನಷ್ಟೇ ಮೆಲ್ಲಗೆ.

ಅರಸರು ಮೂರೂ ಕಟ್ಟಳೆಗಳನ್ನು ಅದೇ ಹಲಗೆಯ ಹಿಂಬದಿಯಲ್ಲಿ ಕೆತ್ತಿಸಿದರು. ನಂಜಯ್ಯ ಆ ದಿನವೇ ಕೊಲ್ಲಿಯ ತೂತಿಗೆ ಬೆಣೆ ಹೊಡೆದು ಮುಚ್ಚಿದ. ನಲವತ್ತು ದೋಣಿಗಳನ್ನು ಒಂದೊಂದಾಗಿ ತೊಳೆದ. ಊಟ ಮಾಡುವಾಗ ಮೂರನೆಯ ದಿನವಾಗಿತ್ತು.

ನೀತಿ ಇಷ್ಟು ಮಕ್ಕಳೇ: ಊರಿನ ಮಡಿಲಲ್ಲಿ ಕೂತು ಉಣ್ಣುವವನು ಊರಿನ ಮಾತನ್ನೂ ಕೇಳಬೇಕು.

ಅಟ್ಟಣೆ ಮೊಣಕಾಲುದ್ದ ನೀರಿನಲ್ಲಿ ಎದ್ದಿತು. ಮೊದಲ ವರ್ಷದ ಉತ್ಪತ್ತಿ ಎರಡು ಕೊಡ ಉಪ್ಪುನೀರು ಮತ್ತು ಒಂದು ಏಡಿ.